ಮೂಲ ಬೀಜ

ನಮ್ಮ ಮನೆಯ ಲ್ಯಾಪ್‌ಟಾಪ್ ಬಸುರಿಯೆಂದು ಇರಕಲ್ಲಗಡದ ಅರ್ಧ ಊರಿಗೆ ಗೊತ್ತಿತ್ತು. ಹಾಗೆ ಹೆಸರಿಟ್ಟವಳು ತಾಜಬೀ. ನಾನು ಆಗಷ್ಟೇ ಈ ಮನೆಗೆ ಸೊಸೆಯಾಗಿ ಬಂದಿದ್ದೆ. ಮಾವ ಗ್ಯಾನಪ್ಪನವರ ಹಳೆಯ ಕಂಪ್ಯೂಟರ್ ಇಂದೋ ನಾಳೆಯೋ ಎನ್ನುವಂತಿತ್ತು, ಅದರೊಳಗಿದ್ದ ಪ್ರೋಗ್ರಾಮ್ ಏನು ಮಾಡಿದರೂ ಹೊಸ ಯಂತ್ರಗಳಲ್ಲಿ ಓಡುತ್ತಿರಲಿಲ್ಲ. ಗಂಗಾವತಿಯಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿರುವ ಮುಜೀಬ ನಮ್ಮ ಪಡಸಾಲೆಯಲ್ಲಿ ಕೂತು, ಆ ಹಳೆಯ ಕಂಪ್ಯೂಟರನ್ನು ಇದ್ದದ್ದು ಇದ್ದ ಹಾಗೆಯೇ ಹೊಸ ಲ್ಯಾಪ್‌ಟಾಪಿನೊಳಗೆ ಇಳಿಸಿದ. ಲ್ಯಾಪ್‌ಟಾಪಿನಲ್ಲಿ ಒಂದು ಕಿಟಕಿ ತೆರೆಯುತ್ತಿತ್ತು, ಆ ಕಿಟಕಿಯೊಳಗೆ ಹಳೆಯದು ತನ್ನ ಅದೇ ನೀಲಿ ಪರದೆಯೊಂದಿಗೆ ಎಚ್ಚರಗೊಳ್ಳುತ್ತಿತ್ತು.

"ಇದಕ್ಕ ವರ್ಚುವಲ್ ಮಷಿನ್ ಅಂತಾರ್ರಿ ಕಾಕಾ," ಎಂದ ಮುಜೀಬ. "ಹಳೇದು ಇದರ ಹೊಟ್ಟ್ಯಾಗ ಜೀವಂತ ಇರತೈತಿ. ತಾನು ಇನ್ನೊಂದರ ಹೊಟ್ಟ್ಯಾಗ ಅದೀನಿ ಅನ್ನೂದು ಅದಕ್ಕ ಗೊತ್ತಾ ಇರಂಗಿಲ್ಲ."

ಬೆಂಡೆ ಹೊಲದಿಂದ ನೀರು ಕುಡಿಯಲು ಬಂದ ತಾಜಬೀ ಬಾಗಿಲಲ್ಲೇ ನಿಂತು ಇದನ್ನು ಕೇಳಿಸಿಕೊಂಡಳು. "ಹಂಗಾರ ಯಾವಾಗ ಹಡೀತೈತ್ರಿ ಯಜಮಾನ್ರ?" ಎಂದು ಕೇಳಿದಳು. ಮಾವ ನಕ್ಕರು. ಅವರು ನಗುವುದು ಹುಣ್ಣಿಮೆಗೊಮ್ಮೆ ಅಮಾವಾಸ್ಯೆಗೊಮ್ಮೆ, ಆದ್ದರಿಂದ ನನಗೆ ನೆನಪಿದೆ.

ಹೊರಡುವ ಮುಂಚೆ ಮುಜೀಬ ಇನ್ನೊಂದು ಮಾತು ಹೇಳಿದ. "ಇವತ್ತು ಇದು ಹೆಂಗೈತಿ ಹಂಗ ಹಿಡಿದಿಟ್ಟೀನ್ರಿ. ಮುಂದ ಎಂದರ ಕೆಟ್ಟು ಏಳವಲ್ದು ಅಂದ್ರ ಇಲ್ಲಿ ಒತ್ರಿ. ಇವತ್ತಿನಂಗ ಎದ್ದು ಕುಂದ್ರತೈತಿ." ಹಿಡಿದಿಟ್ಟ ಆ ಸ್ಥಿತಿಗೆ 'ಮೊದಲ ದಿನ' ಎಂದು ಹೆಸರು ಕೊಟ್ಟ. ಮಾವ ಕನ್ನಡಕ ಏರಿಸಿ ಅದನ್ನು ಓದಿ, "ಅಂದ್ರ ಇದು ಮೂಲ ಬೀಜ," ಎಂದರು. ಮುಜೀಬನಿಗೆ ಬೀಜದ ಗಂಧಗಾಳಿ ಇಲ್ಲ. "ಹಂಗ ಅನ್ಕೋರಿ," ಎಂದು ಚಹಾ ಕುಡಿದು ಗಂಗಾವತಿಗೆ ಹೋದ.

ಆ ಮಾತು ಅಲ್ಲೇ ಬಿದ್ದು ಮೊಳೆಯುತ್ತಿದೆ ಎಂದು ನಮಗೆ ಯಾರಿಗೂ ತಿಳಿಯಲಿಲ್ಲ.

ಬೀಜ ಮಾಡುವವರ ಮನೆಯಲ್ಲಿ ಮೂಲ ಬೀಜಕ್ಕೆ ದೇವರ ಜಗಲಿಯ ಮರ್ಯಾದೆ. ಒಂದು ತಳಿಯನ್ನು ವರ್ಷ ವರ್ಷ ಹೊಲದಲ್ಲಿ ಬೆಳೆಯುತ್ತಾ ಹೋದರೆ ಅದು ಸವೆಯುತ್ತದೆ. ಜೇನು ಬಂದು ಪಕ್ಕದ ಹೊಲದ ಪರಾಗ ತರುತ್ತದೆ, ಒಕ್ಕುವ ಕಣದಲ್ಲಿ ಬೇರೆ ಕಾಳು ಸೇರುತ್ತದೆ, ಗುಣ ಹೋಗುತ್ತದೆ. ಆಗ ಸವೆದ ಬೀಜವನ್ನು ಒಂದು ಕಾಳೂ ಉಳಿಯದಂತೆ ಹೊರಗೆ ಹಾಕಿ, ತೆಗೆದಿಟ್ಟ ಮೂಲ ಬೀಜದಿಂದ ಮತ್ತೆ ಶುರು ಮಾಡುತ್ತಾರೆ. ಹೊಲ ಅದೇ, ಮಣ್ಣು ಅದೇ, ಬೀಜ ಮಾತ್ರ ಹೊಸದು. ಮಾವ ಇದನ್ನು ಜೀವಮಾನವೆಲ್ಲ ಮಾಡಿದವರು.

ಅವರು ಕೊಪ್ಪಳದ ಒಂದು ಬೀಜದ ಕಂಪನಿಗೆ ಕ್ಷೇತ್ರ ಮೇಲ್ವಿಚಾರಕರಾಗಿ ಸೇರಿದ್ದು ತೊಂಬತ್ತೇಳರಲ್ಲಿ. ಮರುವರ್ಷವೇ ಆ ಕಂಪನಿ ಬೆರಕೆಯಾದ ಬೀಜವನ್ನು ಕುಷ್ಟಗಿ ಕಡೆಗೆ ಮಾರಿಬಿಟ್ಟಿತು. ರೈತರು ಗಿಡ ಕಿತ್ತು ತಂದು ಆಫೀಸಿನ ಮುಂದೆ ಒಗೆದರು. ಸಾಹೇಬರುಗಳೆಲ್ಲ ಹಿಂದಿನ ಬಾಗಿಲಿನಿಂದ ಹೋದರು, ಮಾವ ನಿಂತರು. ಒಬ್ಬ ಮುದುಕ ಬೈಯಲಿಲ್ಲ, ಹೊಡೆಯಲಿಲ್ಲ. "ನೀನಾ ಕೈಯಾರೆ ಕೊಟ್ಟಿದ್ದೆಲ್ಲೋ ತಮ್ಮಾ," ಎಂದಷ್ಟೇ ಕೇಳಿದನಂತೆ. ಆ ಮಾತನ್ನು ಮಾವ ನನಗೆ ಎಷ್ಟು ಸಲ ಹೇಳಿದ್ದಾರೋ ಲೆಕ್ಕವಿಲ್ಲ. ಅಂದಿನಿಂದ ಅವರಿಗೆ ಬೆರಕೆ ಎಂಬ ಶಬ್ದ ಕೇಳಿದರೇ ಮೈಯೆಲ್ಲ ಉರಿ.

ಕಂಪನಿ ಬಾಗಿಲು ಮುಚ್ಚಿದಾಗ ಕೆಲವರು ಕುರ್ಚಿ ಒಯ್ದರು, ಕೆಲವರು ಫ್ಯಾನು ಬಿಚ್ಚಿಕೊಂಡರು. ಮಾವ ಕಂಪ್ಯೂಟರ್ ಹೊತ್ತು ತಂದರು. ಅದರಲ್ಲಿ ಬೀಜದ ವಂಶಾವಳಿ ಬರೆದಿಡುವ ಪ್ರೋಗ್ರಾಮ್ ಇತ್ತು. ಬೀಜದ ಪ್ರತಿಯೊಂದು ಕವರಿಗೂ ಅದು ಒಂದು ಸಂಖ್ಯೆ ಕೊಡುತ್ತಿತ್ತು. ಕವರಿನ ಮೇಲೆ ಸಂಖ್ಯೆ ಮತ್ತು ತಾರೀಖು ಮಾತ್ರ. ತಾಯಿ ಯಾರು, ತಂದೆ ಯಾರು, ಯಾವ ಸಾಲಿನಲ್ಲಿ ಬೆಳೆಯಿತು, ರೋಗ ಬಂತೋ ಇಲ್ಲವೋ ಎನ್ನುವುದೆಲ್ಲ ಯಂತ್ರದೊಳಗೆ. ಮಾವ ನಮ್ಮ ಎರಡೆಕರೆಯಲ್ಲಿ ಬೆಂಡೆ ಹಾಕಿ, ಹಳದಿ ರೋಗಕ್ಕೆ ಬಗ್ಗದ ತಳಿಯೊಂದನ್ನು ಹುಡುಕಲು ಕೂತರು. ಎಲೆ ಹಳದಿಗೆ ತಿರುಗಿ, ಕಾಯಿ ಬಿಳಚಿಕೊಂಡು, ಇಡೀ ಹೊಲ ಕಾಮಾಲೆ ಬಂದವರ ಮುಖದ ಹಾಗಾಗುವುದನ್ನು ನೋಡಿದವರಿಗೆ ಅವರ ಹಟ ಅರ್ಥವಾಗುತ್ತದೆ. ನೋಡದವರು ಹುಚ್ಚ ಎನ್ನುತ್ತಿದ್ದರು. ನಾನೂ ಮೊದಮೊದಲು ಅಂದುಕೊಂಡಿದ್ದೇನೆ.

ಸಂಜೆ ಹೊತ್ತು ಹೆಂಗಸರು ಅರಳದ ಮೊಗ್ಗು ಬಿಡಿಸಿ ಗಂಡು ಭಾಗ ಕಿತ್ತು ಕೆಂಪು ದಾರ ಕಟ್ಟುವರು. ಬೆಳಿಗ್ಗೆ ಬೇರೆ ಗಿಡದ ಪರಾಗ ತಂದು ಸವರುವರು. ಇದಕ್ಕೆ ನಮ್ಮಲ್ಲಿ ಕ್ರಾಸಿಂಗ್ ಎನ್ನುತ್ತಾರೆ. ಈ ಕೆಲಸದಲ್ಲಿ ತಾಜಬೀಯ ಕೈ ಎಲ್ಲರಿಗಿಂತ ಹಗುರ. ನಾನು ಬಂದ ಮರುವರ್ಷ ಅವಳು ಎರಡು ಗಿಡಗಳ ಬೀಜವನ್ನು ಒಂದೇ ಕವರಿಗೆ ತುಂಬಿಬಿಟ್ಟಳು. ಮುಂದಿನ ಹಂಗಾಮಿನಲ್ಲಿ ಒಂದೇ ಸಾಲಿನಲ್ಲಿ ಕೆಂಪು ದಂಟು, ಹಸಿರು ದಂಟು ಎರಡೂ ಎದ್ದವು. ಮಾವ ಆ ಸಾಲನ್ನು ಕಿತ್ತು ಸುಟ್ಟರು. ತಾಜಬೀಗೆ, "ನಾಳಿಂದ ಬರಬ್ಯಾಡವ್ವ," ಎಂದರು. ಅವಳು ಅತ್ತಳು, ಅತ್ತೆ ಗುರುಲಿಂಗಮ್ಮನವರು ಅಂಗಲಾಚಿದರು, ನಾನೂ ಹೇಳಿದೆ. ಮಾವ, "ಮಂದಿ ತಪ್ಪ ಮಾಡ್ತಾರ, ನಾನು ಸಿಟ್ಟಿಲ್ಲ. ಆದರ ಬೆರಕಿ ಮಾಡಿದ ಕೈ ಮತ್ತ ಬೀಜ ಮುಟ್ಟಬಾರದು," ಎಂದರು. ನಮ್ಮ ಓಣಿಯಲ್ಲೇ ಇದ್ದ ಅವಳು ಆಮೇಲೆ ಐದಾರು ವರ್ಷ ನಮ್ಮ ಹೊಲದ ಬದು ದಾಟಲಿಲ್ಲ.

ಆಮೇಲೆ ಒಂದು ಮಳೆಗಾಲದಲ್ಲಿ ಅದು ಸಿಕ್ಕಿತು. ಸುತ್ತ ಎಲ್ಲ ಹಳದಿಯಾಗಿ ಮಲಗಿದ್ದಾಗ ಒಂದೇ ಒಂದು ಗಿಡ ಎದೆಯೆತ್ತರ ನಿಂತು ಹಸಿರಾಗಿತ್ತು. ಮಾವ ಅದರ ಮುಂದೆ ಚಪ್ಪಲಿ ಬಿಟ್ಟು ನಿಂತಿದ್ದನ್ನು ನಾನು ಕಂಡಿದ್ದೇನೆ. ಅದರ ಬೀಜದಿಂದ ಮಕ್ಕಳು, ಮೊಮ್ಮಕ್ಕಳು. ಯಾವುದು ಹಸಿರು ಹಿಡಿದು ನಿಲ್ಲುತ್ತದೆ, ಯಾವುದು ಸೋಲುತ್ತದೆ ಎಂದು ಒಂದೊಂದನ್ನೂ ನಾನೇ ಯಂತ್ರಕ್ಕೆ ಬರೆಯುತ್ತಿದ್ದೆ. ಇನ್ನು ಒಂದೆರಡು ಹಂಗಾಮು ಹೋದರೆ ತಳಿ ನೆಲೆ ನಿಲ್ಲುತ್ತದೆ ಎಂದು ಮಾವ ಹೇಳುತ್ತಿದ್ದರು.

ಅತ್ತೆ ಒಮ್ಮೆ ಕೇಳಿದರು. "ಒಂದು ಬೊಗಸಿ ಅಳವಂಡಿಗೆ ನನ್ನ ತಂಗಿ ಮನಿಗೆ ಕೊಡ್ರಿ. ಹಿಂದಕ ಹಿರ್ಯಾರು ಬಿತ್ತೂ ಬೀಜದಾಗ ಒಂದು ಪಾಲು ಬೀಗರ ಮನ್ಯಾಗ ಇಡ್ತಿದ್ರು. ಮನಿಗೆ ಬೆಂಕಿ ಬಿದ್ದರೂ ಬೀಜ ಉಳೀತಿತ್ತು."

"ಇನ್ನೂ ನೆಲಿ ನಿಂತಿಲ್ಲ. ಹಸಿ ಗಡಗಿ ಸಂತಿಗೆ ಒಯ್ಯಬಾರದು," ಎಂದರು ಮಾವ. ಹೀಗಾಗಿ ಆ ಬೀಜ ನಮ್ಮ ಕೋಣೆಯ ಡಬ್ಬಿಗಳನ್ನು ಬಿಟ್ಟು ಜಗತ್ತಿನಲ್ಲಿ ಎಲ್ಲಿಯೂ ಇರಲಿಲ್ಲ.

ಕಳೆದ ಶ್ರಾವಣದಲ್ಲಿ ನಾನು ಬಾಣಂತನಕ್ಕೆ ಯಲಬುರ್ಗಾಕ್ಕೆ ತವರಿಗೆ ಹೋದೆ. ಮದುವೆಯಾಗಿ ಏಳು ವರ್ಷದ ಮೇಲೆ ಹುಟ್ಟುವ ಕೂಸು. ಡಾಕ್ಟರರು ಏಳಬೇಡ ಎಂದರು, ಅವ್ವ ಕೂರಬೇಡ ಎಂದಳು. ಯಂತ್ರವನ್ನು ಮಾವನೇ ನೋಡಿಕೊಳ್ಳುತ್ತೇನೆ ಎಂದರು. ಒಂದೇ ಬೆರಳಿನಲ್ಲಿ ಟೈಪ್ ಮಾಡಿದರೂ ಒಂದು ಅಕ್ಷರ ತಪ್ಪಿಸುವವರಲ್ಲ.

ಸಂಕ್ರಾಂತಿ ಕಳೆದ ಮೇಲೆ ಮಗಳನ್ನು ಎತ್ತಿಕೊಂಡು ಮರಳಿ ಬಂದೆ. ಅತ್ತೆ ಕೂಸಿಗೆ ದೃಷ್ಟಿ ತೆಗೆದರು. ನನ್ನ ಗಂಡ ಗಾಳೇಶ ಟ್ರಂಕು ಇಳಿಸುತ್ತಿದ್ದರು. ಮಾವ ಮೊಮ್ಮಗಳ ಕೆನ್ನೆ ಮುಟ್ಟಿ, ತಡೆಯಲಾರದೆ ನನ್ನನ್ನು ಕೋಣೆಗೆ ಕರೆದರು.

"ನೋಡಿಲ್ಲೆ. ನಿನ್ನ ಯಂತ್ರಕ್ಕ ಹರೇ ಬಂದೈತಿ."

ಒಳಗಿನ ಕಂಪ್ಯೂಟರ್ ನಿಜವಾಗಿಯೂ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಎದ್ದಿತು. ಯುಗಾದಿಗೆ ಮುಜೀಬ ಲ್ಯಾಪ್‌ಟಾಪ್ ಬದಲಿಸಿ ಹೊಸದು ಕೊಟ್ಟ ಮೇಲೂ, ನಾನು ಹೋಗುವಾಗ ಅದು ಏಳುವಷ್ಟರಲ್ಲಿ ಒಂದು ಚಹಾ ಕಾಯಿಸಿ ಕುಡಿಯಬಹುದಿತ್ತು.

"ಏನ ಮಾಡಿದ್ರಿ ಮಾವಾರ?"

"ದಸರಾಕ್ಕ ಮುಂಚೆ ಭಾಳ ಸೋತುಬಿಟ್ಟಿತ್ತು. ಎಷ್ಟೋ ವರ್ಷ ಓಡಿ ಸವದೈತಿ, ಏನೇನೋ ಬೆರತೈತಿ ಅನ್ನಿಸ್ತು. ಮುಜೀಬ ಮೂಲ ಬೀಜ ಇಟ್ಟಿದ್ದನಲ್ಲ, ಮೊದಲ ದಿನದ್ದು, ಅದನ್ನ ಹಾಕಿದೆ. ಈಗಿನ ಸ್ಥಿತಿನೂ ಒಂದು ಕಾಪಿ ಇಡ್ಲೇನು ಅಂತ ಇಂಗ್ಲೀಷಿನ್ಯಾಗ ಕೇಳ್ತು. ಟಿಕ್ ಹಾಕೇ ಇತ್ತು. ನಾನು ಅದನ್ನ ತಗದೆ." ಮಾವ ನನ್ನ ಮುಖ ನೋಡಿದರು, ಜಾಣ ವಿದ್ಯಾರ್ಥಿ ಮೇಷ್ಟ್ರನ್ನು ನೋಡುವ ಹಾಗೆ. "ಮೂಲ ಬೀಜ ತರೂ ಮುಂದ ಸವದದ್ದು ಬಾಜೂಕ ಇಟ್ಕೋಬಾರದಲ್ಲ. ಬೆರಕಿ ಆಕ್ಕೈತಿ."

ನಾನು ಪಟ್ಟಿ ತೆರೆದೆ. ಅದು ನನ್ನ ಮದುವೆಯ ತಿಂಗಳಿಗೆ ನಿಂತಿತ್ತು. ಅದರ ಕೆಳಗೆ ಅವರು ಈ ಹಂಗಾಮಿನಲ್ಲಿ ಒಂದೇ ಬೆರಳಿನಲ್ಲಿ ಬರೆದದ್ದು. ನಡುವೆ ಇರಬೇಕಾದ್ದು, ಆ ಏಳು ವರ್ಷ ನಾನು ದಿನಾ ಕೂತು ಬರೆದದ್ದು, ಹಸಿರು ಗಿಡ, ಅದರ ಮಕ್ಕಳು ಮೊಮ್ಮಕ್ಕಳು, ಒಂದೂ ಇರಲಿಲ್ಲ. ಯಂತ್ರಕ್ಕೆ ನಾನು ಮತ್ತೆ ನಿನ್ನೆ ಮೊನ್ನೆ ಬಂದ ಮದುಮಗಳಾಗಿದ್ದೆ. ಬೀಜ ಬೇರೆ, ಹೊಲ ಬೇರೆ ಎಂದು ಮಾವ ತಿಳಿದಿದ್ದರು. ಬರೆದದ್ದೆಲ್ಲ ಮಣ್ಣಿನ ಹಾಗೆ ಕೆಳಗೆ ಇದ್ದೇ ಇರುತ್ತದೆ, ಮೇಲಿನ ಯಂತ್ರ ಮಾತ್ರ ಹೊಸದಾಗುತ್ತದೆ ಎಂದು. ಆದರೆ ಮುಜೀಬ ಹಿಡಿದಿಟ್ಟದ್ದು ಹೊಲ ಸಮೇತ.

ಅದಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು. ಯಂತ್ರ ತನ್ನ ಸಂಖ್ಯೆಯನ್ನೂ ಏಳು ವರ್ಷ ಹಿಂದಿನಿಂದ ಎಣಿಸಲು ಶುರು ಮಾಡಿತ್ತು. ಮಾವ ಈ ಹಂಗಾಮಿನ ಬೀಜದ ಕವರುಗಳಿಗೆ ಅಂಟಿಸಿದ ಸಂಖ್ಯೆಗಳೆಲ್ಲ ಡಬ್ಬಿಯಲ್ಲಿ ಆಗಲೇ ಇದ್ದ ಕವರುಗಳ ಸಂಖ್ಯೆಗಳೇ.

"ಛಲೋ ಓಡತೈತ್ರಿ ಮಾವಾರ," ಎಂದೆ. ಅವರು ಸಂತೋಷದಿಂದ ಹೊರಗೆ ಹೋಗಿ ಕೂಸನ್ನು ಎತ್ತಿಕೊಂಡರು. ನನಗೆ ಅವರ ಮೇಲೆ ಎಷ್ಟು ಸಿಟ್ಟು ಬಂತೆಂದರೆ, ಹಿತ್ತಲಿಗೆ ಹೋಗಿ ಬಚ್ಚಲ ಗೋಡೆಗೆ ಕೈ ಗುದ್ದಿಕೊಂಡೆ. ಮರುಗಳಿಗೆ ಅಳು ಬಂತು. ಆ ಟಿಕ್ ತೆಗೆದದ್ದು ಅಸಡ್ಡೆಯಿಂದಲ್ಲ, ಜೀವಮಾನದ ಶಿಸ್ತಿನಿಂದ. ದಡ್ಡನೊಬ್ಬ ಅದನ್ನು ಹಾಗೇ ಬಿಟ್ಟು ಮುಂದೆ ಹೋಗುತ್ತಿದ್ದ, ಎಲ್ಲ ಉಳಿಯುತ್ತಿತ್ತು.

ಮುಜೀಬನಿಗೆ ಫೋನ್ ಮಾಡಿದೆ.

"ಟಿಕ್ ತಗದಾರೇನ್ರಿ ವೈನಿ?" ಎಂದ.

"ತಗದಾರ."

"ಬ್ಯಾರೆ ಕಡೆ ಎಲ್ಲರ ಕಾಪಿ ಇಟ್ಟೀರೇನ್ರಿ?"

"ವಾರಕ್ಕೊಮ್ಮೆ ಇಡ್ತಿದ್ವಿ. ಒಳಗಿನದಕ್ಕ ಪೆನ್‌ಡ್ರೈವ್ ಅಂದ್ರ ಏನಂತ ಗೊತ್ತಿಲ್ಲ. ಕಾಪಿನೂ ಆ ಒಳಗಿನ ಕಂಪ್ಯೂಟರಿನ್ಯಾಗಾ ಇತ್ತು."

"ಅಂದ್ರ ಅದೂ ಹೋತು," ಎಂದ. ಆಮೇಲೆ, "ಲ್ಯಾಪ್‌ಟಾಪ್ ಕಳಸ್ರಿ. ಡಿಸ್ಕಿನ್ಯಾಗ ಏನರ ಉಳದೈತೇನು ಹುಡುಕಿ ನೋಡ್ತೀನಿ. ಆದ್ರ ಆಸೆ ಇಟ್ಕೋಬ್ಯಾಡ್ರಿ," ಎಂದ.

ಫ್ಯಾನ್ ಕೆಟ್ಟಿದೆ ಎಂದು ಮಾವನಿಗೆ ಹೇಳಿ, ಗಾಳೇಶನ ಕೈಯಲ್ಲಿ ಲ್ಯಾಪ್‌ಟಾಪ್ ಗಂಗಾವತಿಗೆ ಕಳಿಸಿದೆ. ಗಾಳೇಶನಿಗೆ ನಿಜ ಹೇಳಿದೆ. ಅವರು, "ಅಪ್ಪಗ ಹೇಳಬ್ಯಾಡ. ತಾಜಬೀನ ಒಂದು ಕವರಿಗೆ ಬಿಡಲಿಲ್ಲ ಅವರು. ತಮ್ಮನ್ನ ತಾವು ಬಿಡ್ತಾರೇನು?" ಎಂದರು. ನನಗಿದ್ದ ಭಯವೂ ಅದೇ. ಹೋದದ್ದು ಹೋಯಿತು, ಹೋದದ್ದು ತಮ್ಮ ಕೈಯಿಂದ ಎಂದು ಅವರಿಗೆ ತಿಳಿಯಬಾರದು ಎಂದು ನಾನು ದೇವರಲ್ಲಿ ಹರಕೆ ಹೊತ್ತೆ.

ಬೇಸಿಗೆ ಬಿತ್ತನೆ ಹತ್ತಿರ ಬಂತು. ಮಾವ ಬೇವಿನೆಲೆ ಹಾಕಿಟ್ಟ ಡಬ್ಬಿ ತೆರೆದು ಕವರು ಆರಿಸುತ್ತಿದ್ದರು. ನಾನು ಕೂಸಿಗೆ ಎಣ್ಣೆ ಹಚ್ಚುತ್ತಿದ್ದೆ.

"ದೀಪಿಕಾ, ಇಲ್ಲಿ ಬಾರವ್ವ."

ಅವರ ಅಂಗೈಯಲ್ಲಿ ಎರಡು ಕವರು ಇದ್ದವು. ಎರಡರ ಮೇಲೂ ಒಂದೇ ಸಂಖ್ಯೆ.

"ನಂದಾ ತಪ್ಪರಿ ಮಾವಾರ. ಹೋಗೂ ಮುಂಚೆ ನಾನಾ ಏನೋ..."

"ಸುಳ್ಳ ಹೇಳಬ್ಯಾಡ. ಇದರ ಮ್ಯಾಲಿನ ತಾರೀಖು ನೀನು ಹಡದ ವಾರದ್ದು." ಧ್ವನಿಯಲ್ಲಿ ಸಿಟ್ಟಿರಲಿಲ್ಲ. "ಯಂತ್ರ ಫ್ಯಾನಿಗೆ ಹೋಗಿಲ್ಲ. ಹೌದಿಲ್ಲೋ?"

ಹೇಳಿದೆ. ಎಲ್ಲವನ್ನೂ ಹೇಳಿದೆ, ಟಿಕ್‌ವರೆಗೆ. ಅವರು ನಿಂತವರು ಮೆಲ್ಲಗೆ ಕೂತರು, ಕವರು ಮಾತ್ರ ಕೈಬಿಡಲಿಲ್ಲ.

"ಎಲ್ಲಾ ಹೋತೇನು?"

"ನನ್ನ ಮದುವಿ ಆದಮ್ಯಾಲಿಂದೆಲ್ಲಾ ಹೋತ್ರಿ."

"ಹಸಿರುದು?"

"ಡಬ್ಬ್ಯಾಗ ಐತ್ರಿ. ಯಾವ ಕವರು ಅಂತ ಗೊತ್ತಾಗಂಗಿಲ್ಲ."

ಅವರು ಡಬ್ಬಿಗಳ ಕಡೆ ನೋಡಿದರು. ಗೋಡೆಯುದ್ದಕ್ಕೂ ಡಬ್ಬಿಗಳು, ಅವುಗಳ ತುಂಬ ಕವರುಗಳು. ಬೆಂಡೆಯ ಕಾಳು ನೋಡಿದರೆ ಎಲ್ಲವೂ ಒಂದೇ, ಬೂದು ಬಣ್ಣದ ಗುಂಡು. ಬ್ರಹ್ಮನಿಗೂ ಅದರಲ್ಲಿ ಅಪ್ಪ ಯಾರು ಅವ್ವ ಯಾರು ಎಂದು ಹೇಳಲಾಗುವುದಿಲ್ಲ.

ನಾನು ಬಾಯಿಗೆ ಬಂದದ್ದೆಲ್ಲ ಹೇಳಿದೆ. ತಾರೀಖು ನೋಡಿ ಹಳೆಯದು ಹೊಸದು ಬೇರೆ ಮಾಡಬಹುದು ಎಂದೆ. ಎಲ್ಲವನ್ನೂ ಬಿತ್ತಿ ನೋಡೋಣ ಎಂದೆ, ಹಸಿರುಳಿದದ್ದನ್ನು ಹಿಡಿಯೋಣ.

"ಸಂಖ್ಯೆ ಬ್ಯಾರೆ ಮಾಡಬಹುದು. ಯಾರ ಮಕ್ಕಳು ಅಂತ ಹೆಂಗ ಹೇಳ್ತಿ?" ಎಂದರು. "ಇಷ್ಟೆಲ್ಲಾ ಬಿತ್ತಾಕ ಹೊಲ ಎಲ್ಲೈತಿ? ಬಿತ್ತಿದರೂ, ಒಂದು ಸಲ ಹಸಿರು ನಿಂತಿದ್ದು ರೋಗ ತಾಕದಾ ನಿಂತಿತ್ತೋ, ರೋಗ ತಡದು ನಿಂತಿತ್ತೋ, ಅದು ಗೊತ್ತಾಗಾಕ ಮತ್ತ ಏಳು ವರ್ಷ ಬೇಕು. ನನಗ ಎಪ್ಪತ್ತು ದಾಟೈತಿ." ಕೈಯಲ್ಲಿದ್ದ ಕವರುಗಳನ್ನು ತಿರುಗಿಸಿ ನೋಡಿದರು. "ನಾ ಸತ್ತ ಮ್ಯಾಲೆ ಯಾವನರ ಬರ್ತಾನ. ಗ್ಯಾನಪ್ಪನ ಹಸಿರು ಬೆಂಡಿ ಅಂತ ಈ ಡಬ್ಬಿ ಒಯ್ದು ಮಂದಿಗೆ ಕೊಡ್ತಾನ. ಕುಷ್ಟಗಿ ಮುದುಕ ಮತ್ತ ಬಂದು ಕೇಳ್ತಾನ, ನೀನಾ ಕೈಯಾರೆ ಕೊಟ್ಟಿದ್ದೆಲ್ಲೋ ಅಂತ."

"ಮುಜೀಬಣ್ಣ ಇನ್ನೂ ನೋಡಾಕತ್ತಾನ್ರಿ."

"ಆಸೆ ಐತಿ ಅಂದಾನೇನು?"

ಸುಳ್ಳು ಹೇಳಿ ಸಿಕ್ಕಿಬಿದ್ದು ಅರ್ಧ ಗಳಿಗೆಯೂ ಆಗಿರಲಿಲ್ಲ, ಮತ್ತೊಂದು ಸುಳ್ಳಿಗೆ ಮುಖ ಇರಲಿಲ್ಲ. ಆ ಒಂದು ಸುಳ್ಳನ್ನು ಹೇಳಿಬಿಡಬೇಕಿತ್ತು.

ಆ ವಾರ ಕೂಸಿಗೆ ಇಂಜೆಕ್ಷನ್ ಹಾಕಿಸಲು ನಾನು, ಗಾಳೇಶ ಕೊಪ್ಪಳಕ್ಕೆ ಹೋದೆವು. ಮಧ್ಯಾಹ್ನ ತಿರುಗಿ ಬಂದಾಗ ಓಣಿಯ ತಿರುವಿನಲ್ಲೇ ಹುರುಳಿ ಬೇಯಿಸಿದಂಥ ವಾಸನೆ. ಅತ್ತೆ ಕಟ್ಟೆಯ ಮೇಲೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕೂತಿದ್ದರು. ನಾನು ಕೂಸನ್ನು ಅವರ ಮಡಿಲಿಗೆ ಹಾಕಿ ಹಿತ್ತಲಿಗೆ ಓಡಿದೆ.

ನೀರು ಕಾಯಿಸುವ ಹಂಡೆ ಕುದಿಯುತ್ತಿತ್ತು. ಮಾವ ಒಂದೊಂದೇ ಕವರಿನ ಲೇಬಲ್ ಜೋಪಾನವಾಗಿ ಬಿಡಿಸಿ, ಸೂಜಿಯಿಂದ ದಾರಕ್ಕೆ ಪೋಣಿಸಿ, ಬೀಜವನ್ನು ಹಂಡೆಗೆ ಸುರಿಯುತ್ತಿದ್ದರು. ಒಲೆಯ ಮುಂದೆ ತಾಜಬೀ ಕೂತಿದ್ದಳು. ಅವಳು ನಮ್ಮ ಹಿತ್ತಲಿಗೆ ಬಂದು ವರ್ಷಗಳಾಗಿದ್ದವು.

"ನಾ ಬ್ಯಾಡ ಅಂದೆ ತಂಗಿ," ಎಂದಳು. "ಮುಂಜಾನಿ ನಮ್ಮ ಬಾಗಿಲಿಗೆ ಬಂದ್ರು. ತಾಜಬೀ, ನಿನ್ನ ಒಂದು ಕವರಿಗೆ ಬಿಡಿಸಿದೆ, ನಾನು ಡಬ್ಬಿಗಟ್ಟಲೆ ಬೆರಸೀನಿ, ನನ್ನ ಯಾರು ಬಿಡಸ್ತಾರ ಅಂದ್ರು. ನಾ ಏನ ಹೇಳ್ಲಿ? ಬ್ಯಾಡ್ರಿ, ಬಿಡ್ರಿ ಅಂದೆ. ಕೇಳಲಿಲ್ಲ. ಒಬ್ಬರಾ ಬೆಂಕಿ ಮುಂದ ಕುಂತಿದ್ದು ನೋಡಾಕ ಆಗಲಿಲ್ಲ, ನಾನೂ ಕುಂತೆ."

"ಮಾವಾರ," ಎಂದೆ. ಅವರು ತಲೆ ಎತ್ತಲಿಲ್ಲ. ಖಾಲಿ ಡಬ್ಬಿಗಳನ್ನು ಗೋಡೆಗೆ ಬೋರಲು ಹಾಕಿದ್ದರು. ಹಂಡೆಯಲ್ಲಿ ಕಾಳು ಉಬ್ಬಿ, ಸಿಪ್ಪೆ ಬಿಟ್ಟು, ನೀರು ಅಂಟಂಟಾಗಿತ್ತು. ಉಳಿದದ್ದು ಒಂದೇ ಡಬ್ಬಿ. ಗಾಳೇಶ ಅದನ್ನು ಹಿಡಿದುಕೊಂಡು ಕೊಡುವುದಿಲ್ಲ ಎಂದರು. ಮಾವ ಮಗನ ಕೈಯನ್ನು ಬೆರಳು ಬೆರಳಾಗಿ ಬಿಡಿಸಿದರು, ಮೊಗ್ಗು ಬಿಡಿಸುವಷ್ಟು ಮೆಲ್ಲಗೆ. ಗಾಳೇಶ ಅಳುತ್ತಾ ಹೊರಗೆ ಹೋದರು. ಆ ಡಬ್ಬಿಯೂ ಹಂಡೆಗೆ ಹೋಯಿತು.

ಎರಡು ದಿನ ಬಿಟ್ಟು ಮುಜೀಬ ಬಂದ. ದಾರಿಯಲ್ಲಿ ಬೆಟ್ಟಕ್ಕೆ ಹೊರಟ ಭಕ್ತರ ಗಾಡಿಗಳ ನಡುವೆ ಸಿಕ್ಕಿಕೊಂಡಿದ್ದೆ, ಇಲ್ಲದಿದ್ದರೆ ಮುಂಜಾನೆಯೇ ಬರುತ್ತಿದ್ದೆ ಎಂದು ಬೈಕ್ ನಿಲ್ಲಿಸುತ್ತಲೇ ಹೇಳಿದ. ಮುಖವೆಲ್ಲ ನಗು.

"ಸಿಕ್ತ್ರಿ ವೈನಿ. ಹ್ವಾದ ಯುಗಾದಿಗೆ ನಿಮಗ ಹೊಸಾ ಲ್ಯಾಪ್‌ಟಾಪ್ ಕೊಟ್ಟೆನಲ್ಲ, ಅವಾಗ ಒಳಗಿನ ಮಷಿನ್ ಎತ್ತಿ ಇದಕ್ಕ ಹಾಕೂ ಮುಂದ ನನ್ನ ಡಿಸ್ಕಿನ್ಯಾಗ ಇಳಸಿದ್ದೆ. ಅಳಸೂದು ಮರತಿದ್ದೆ. ಅಂಗಡಿ ಅಟ್ಟದ ಮ್ಯಾಲೆ ರಟ್ಟಿನ ಡಬ್ಬ್ಯಾಗ ಬಿದ್ದಿತ್ತು. ಯುಗಾದಿತನಕ ಎಲ್ಲಾ ಐತ್ರಿ, ಒಂದೂ ಹೋಗಿಲ್ಲ."

ಅತ್ತೆ ಹೇಳುತ್ತಿದ್ದ ಬೀಗರ ಮನೆ ಆ ಅಟ್ಟವೇ ಆಗಿತ್ತು, ಯಾರಿಗೂ ತಿಳಿಯದೆ.

ನಾನು ಅವನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ತಿಪ್ಪೆ ತೋರಿಸಿದೆ. ಬೆಂದ ಬೀಜ ಅಲ್ಲಿ ರಾಶಿ ಬಿದ್ದಿತ್ತು, ಕೋಳಿಗಳು ಕೆದಕುತ್ತಿದ್ದವು. ಮೊದಲು ಅವನಿಗೆ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಕಲ್ಲಿನ ಮೇಲೆ ಕೂತು, ಹೆಲ್ಮೆಟ್ ಮಡಿಲಲ್ಲಿಟ್ಟುಕೊಂಡು, ಎರಡು ದಿನ ಮುಂಚೆ ಯಾಕೆ ಅಟ್ಟ ಹತ್ತಲಿಲ್ಲ ಎಂದು ತನ್ನನ್ನೇ ಬೈದುಕೊಂಡ. ಮಾವನಿಗೆ ಹೇಳುವುದು ಬೇಡ, ಲ್ಯಾಪ್‌ಟಾಪನ್ನು ವಾಪಸ್ ಒಯ್ಯುತ್ತೇನೆ ಎಂದ. ನಾನೂ ಹೂಂ ಎಂದೆ.

ಆದರೆ ಮಾವ ಬಾಗಿಲಲ್ಲಿ ನಿಂತಿದ್ದರು. ಮುಜೀಬ ಬೈಕಿನ ಬಳಿ ಹೇಳಿದ 'ಸಿಕ್ತು' ಎಂಬ ಮಾತು ಅವರ ಕಿವಿಗೂ ಬಿದ್ದಿತ್ತು.

"ಚಾಲೂ ಮಾಡು," ಎಂದರು.

"ಬ್ಯಾಡ್ರಿ ಕಾಕಾ."

"ಚಾಲೂ ಮಾಡಪ್ಪ. ಬರಿಯೂದೈತಿ."

ಮುಜೀಬ ಕಿಟಕಿ ತೆರೆದ. ನೀಲಿ ಪರದೆ ಮೆಲ್ಲಗೆ, ಮೊದಲಿನ ಹಾಗೆಯೇ ಏದುಸಿರು ಬಿಡುತ್ತಾ ಎದ್ದಿತು. ಪಟ್ಟಿ ಉದ್ದಕ್ಕೂ ಇಳಿಯಿತು, ಏಳು ವರ್ಷವೂ ಅಲ್ಲಿತ್ತು. ಮಾವ ಕೋಣೆಯಿಂದ ಲೇಬಲ್ಲುಗಳ ಸರ ತಂದು ನನ್ನ ಪಕ್ಕ ಕೂತರು. ಬೀಜ ಡಬ್ಬಿ ಬಿಟ್ಟು ಹೋದರೆ ಬರೆಯದೆ ಇರಬಾರದು ಎನ್ನುವುದು ಅವರದೇ ಕಟ್ಟಳೆ. ಬಿತ್ತಿದರೆ ಬಿತ್ತಿದೆ ಎಂದು ಬರೆಯಬೇಕು, ಕೆಟ್ಟರೆ ನಾಶ ಎಂದು ಬರೆಯಬೇಕು.

ಒಂದೊಂದೇ ಲೇಬಲ್ ಬಿಚ್ಚಿ ಸಂಖ್ಯೆ ಓದಿದರು. ನಾನು ಹುಡುಕಿ ತೆಗೆದು 'ನಾಶ' ಎಂದು ಬರೆಯುತ್ತಾ ಹೋದೆ. ಮುಜೀಬ ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತ. ತಾಜಬೀ ಹೊಸ್ತಿಲಲ್ಲಿ ಬಂದು ನಿಂತದ್ದು ನನಗೆ ಯಾವಾಗಲೋ ಗೊತ್ತಾಯಿತು. ಕೂಸು ತೊಟ್ಟಿಲಲ್ಲಿ ಏನೋ ಅನ್ನುತ್ತಿತ್ತು.

ಒಂದು ಸಂಖ್ಯೆಗೆ ನನ್ನ ಕೈ ನಿಂತಿತು. ಹಳೆಯ ಯಂತ್ರಕ್ಕೆ ಕನ್ನಡ ಅಕ್ಷರ ಬರುತ್ತಿರಲಿಲ್ಲ, ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯುತ್ತಿದ್ದೆವು. ಎಲ್ಲ ಕವರುಗಳ ಮುಂದೆ ಎತ್ತರ, ಕಾಯಿ, ರೋಗ ಅಷ್ಟೇ ಇತ್ತು. ಇದೊಂದರ ಮುಂದೆ ಮಾತ್ರ, ಆ ಮಳೆಗಾಲದ ದಿನ ಮಾವ ನನ್ನನ್ನು ಏಳಿಸಿ ತಾವೇ ಕೂತು ಬರೆದಿದ್ದರು.

"ಯಾಕ ನಿಂತಿ?"

ನಾನು ಪರದೆಯನ್ನು ಅವರ ಕಡೆ ತಿರುಗಿಸಿದೆ.

"ಪರದಿ ಮ್ಯಾಲಿನ ಸಣ್ಣ ಅಕ್ಷರ ನನಗ ಕಾಣಂಗಿಲ್ಲ. ಓದು."

ಓದಿದೆ. "ಸುತ್ತಲೂ ಹಳದಿ. ಇದೊಂದಾ ಹಸಿರು. ಗುರುಲಿಂಗಿ, ನಾವು ಗೆದ್ದಿವಿ."

ಅಡುಗೆ ಮನೆಯಲ್ಲಿ ಅತ್ತೆಯ ಕೈಯಿಂದ ಏನೋ ಬಿದ್ದ ಸದ್ದಾಯಿತು. ಗಂಡ ತಮ್ಮನ್ನು ಹೆಸರು ಹಿಡಿದು ಕರೆದದ್ದನ್ನು ಅವರು ಎಂದೂ ಕೇಳಿರಲಿಲ್ಲ. ಮಾವ ಆ ಲೇಬಲ್ಲನ್ನು ಬೆರಳಿನಿಂದ ಒಮ್ಮೆ ಸವರಿ ನೋಡಿದರು. ಅದರ ಹಿಂದೆ ಅಂಟಿನಲ್ಲಿ ಒಂದು ಕಾಳು ಉಳಿದಿರಬಹುದೇ ಎಂದು ಅವರು ಹುಡುಕುತ್ತಿದ್ದಾರೆಂದು ನನಗೆ ತಿಳಿಯಿತು. ಇರಲಿಲ್ಲ. ಅವರು ಯಾವ ಕೆಲಸವನ್ನೂ ಅರ್ಧ ಮಾಡಿದವರಲ್ಲ.

"ಬರಿ," ಎಂದರು.

ಬರೆದೆ. ಅವರು ದಾರದಿಂದ ಮುಂದಿನ ಲೇಬಲ್ ಬಿಚ್ಚಿದರು.